ಟೊಳ್ಳು ಹೌದ್ರೀ, ಸುಳ್ಳಲ್ಲ!

ನೀರಾವರಿ ಬಗ್ಗೆ ಯಾರನ್ನೇ ಕೇಳಿ, ಪೈಪಿನ ಲೆಕ್ಕ ಕೊಡುತ್ತಾರೆ. ಇಷ್ಟು ಕಿಲೋಮೀಟರು ಹಾಸಿದೆವು, ಇಷ್ಟು ಕೋಟಿ ಆಯಿತು, ಇನ್ನಿಷ್ಟು ಬಾಕಿ ಇದೆ. ನೀರಿನ ಲೆಕ್ಕ ಕೇಳಿದರೆ ಮತ್ತೆ ಪೈಪಿನದೇ ನಕಾಶೆ ಬಿಚ್ಚುತ್ತಾರೆ. ಹಾಗಿದ್ದ ಮೇಲೆ ಪೈಪನ್ನೇ ನೇರವಾಗಿ ಮಾತಾಡಿಸುವುದು ಮೇಲಲ್ಲವೇ? ಮುಂಡರಗಿಯಿಂದ ಡಂಬಳದ ದಾರಿ ಹಿಡಿದರೆ, ಕಪ್ಪತ್ತಗುಡ್ಡದ ಗಾಳಿಯಂತ್ರಗಳು ಕಣ್ಣಿಗೆ ಬೀಳುವಷ್ಟು ದೂರದ ಒಂದು ಎರೆಹೊಲದಲ್ಲಿ, ಬದುವಿನ ಬೇವಿನ ಕವಲಿಗೆ ನೇತುಹಾಕಿದ್ದ ಕಪ್ಪು ಡ್ರಿಪ್ ಪೈಪಿನ ಸುರುಳಿಯೊಂದು ಸಂದರ್ಶನಕ್ಕೆ ಒಪ್ಪಿತು. ಷರತ್ತು ಒಂದೇ: ಕಂಪನಿಯ ಹೆಸರು ಹಾಕಬಾರದು.

ನಾನು: ನಮಸ್ಕಾರ. ಓದುಗರಿಗೆ ತಮ್ಮ ಪರಿಚಯ?

ಪೈಪು: ಬೆನ್ನ ಮ್ಯಾಲೆ ಅಚ್ಚ ಹಾಕ್ಯಾರ ನೋಡ್ರಿ. 16 ಎಂ.ಎಂ., ತಾಸಿಗೆ 4 ಲೀಟರ್, ತೂತಿನಿಂದ ತೂತಿಗೆ 40 ಸೆಂಟಿಮೀಟರ್, ಐ.ಎಸ್. 13488. ಇಲೆಕ್ಷನ್‌ಗೆ ನಿಂತಾವ್ರ ಬೆನ್ನ ಮ್ಯಾಲೂ ಹಿಂಗ ಒತ್ತೂದಿದ್ರ ಎಷ್ಟ ಅನುಕೂಲ ಆಗ್ತಿತ್ತು! ತಾಸಿಗೆ ಎಷ್ಟ ಕೊಡ್ತಾರ ಅಂತ ಮೊದಲ ಗೊತ್ತಾಗ್ತಿತ್ತು.

ನಾನು: ಹುಟ್ಟಿದ್ದು ಎಲ್ಲಿ?

ಪೈಪು: ಹುಬ್ಬಳ್ಳಿ ಕಡೆ ಒಂದು ತಗಡಿನ ಶೆಡ್ಡಿನಾಗ್ರಿ. ಅದಕ್ಕೂ ಮೊದಲ ನೆಲದಾಗಿನ ಎಣ್ಣಿ, ಗ್ಯಾಸು. ಅದರಿಂದ ಎಥಿಲೀನ್, ಎಥಿಲೀನ್‌ನಿಂದ ಪಾಲಿಥೀನ್ ಕಾಳು. ಚೀಲದಾಗ ಬಂದ ಆ ಕಾಳು ಹಾಪರಿಗೆ ಸುರೀತಾರ. ಒಳಗ ಉದ್ದನ ಬ್ಯಾರಲ್ಲು, ಅದರಾಗ ಸುತ್ತೋ ಸ್ಕ್ರೂ. ನೂಕಿ, ತಿಕ್ಕಿ, 200 ಡಿಗ್ರಿ ಆಸುಪಾಸು ಕಾಯಿಸಿ ಮೆತ್ತಗ ಮಾಡಿ ಡೈ ಒಳಗಿಂದ ಹೊರಗ ಹಾಕ್ತಾರ. ನಿಮ್ಮ ಮನ್ಯಾಗ ಶ್ಯಾವಿಗಿ ಒತ್ತತಾರಲ್ಲ, ಹಂಗ. ನಮ್ಮದು ಮಾತ್ರ ನಡು ಟೊಳ್ಳು. ಬಿಸಿ ಇರೂವಾಗ ಹೊಟ್ಟಿಯೊಳಗ ಡ್ರಿಪ್ಪರ್ ಕೂಡಸ್ತಾರ, ಅದು ಅಲ್ಲೇ ಅಂಟಕೊಂತೈತಿ. ಮುಂದ ಗಾಳಿ ತಗದ ಟ್ಯಾಂಕಿನಾಗ ಹಾಯಿಸಿ ದುಂಡಗ ಮಾಡ್ತಾರ, ತಣ್ಣೀರಾಗ ಎಳೀತಾರ. ಕಡೀಕ ಡ್ರಿಪ್ಪರ್ ಎಲ್ಲೈತಿ ಅಂತ ಹುಡುಕಿ ಅಲ್ಲಿ ತೂತ ಹೊಡೀತಾರ. ಹುಟ್ಟಿ ಐದು ನಿಮಿಷ ಆಗಿರಂಗಿಲ್ಲ, ಸುತ್ತಿ ಕಟ್ಟಿ ಮೂಲ್ಯಾಗ ನಿಂದ್ರಸ್ತಾರ.

ಇನ್ನೊಂದ ಮಾತ ಐತಿ. ನಮ್ಮನ್ನ ಎಳಿಯೋ ಮಷೀನ್ ಎಷ್ಟ ಜೋರ ಓಡತೈತಿ ಅನ್ನೂದರ ಮ್ಯಾಲೆ ನಮ್ಮ ಗೋಡಿ ದಪ್ಪ. ಜೋರ ಎಳದ್ರ ತೆಳ್ಳಗ. ತೆಳ್ಳಗಾದ್ರ ಅದೇ ಒಂದು ಚೀಲ ಕಾಳಿನಾಗ ಹೆಚ್ಚಿಗಿ ಮೀಟರು. ಲಾಭ ಯಾರಿಗೆ ಅಂತ ನಾ ಹೇಳಂಗಿಲ್ಲ, ನೀವೂ ಬರೀಬ್ಯಾಡ್ರಿ.

ನಾನು: ಬಣ್ಣ ಮಾತ್ರ ಡ್ರಿಪ್ ಪೈಪುಗಳೆಲ್ಲದರದೂ ಕಪ್ಪು. ಯಾಕೆ?

ಪೈಪು: ಕಾಡಿಗಿ ಹಚ್ಚ್ಯಾರ್ರಿ. ಕಾರ್ಬನ್ ಪುಡಿ, ನೂರಕ್ಕ ಎರಡು ಪಾಲಿನಷ್ಟು. ಅದು ಇಲ್ಲಂದ್ರ ಬಿಸಿಲಿನಾಗಿನ ನೇರಳಾತೀತ ಕಿರಣ ನಮ್ಮ ಎಳಿ ಎಳಿ ಕಡೀತಾವ, ಮುಂಡರಗಿ ಬ್ಯಾಸಗ್ಯಾಗ ಎರಡ ವರ್ಷ ತಡ್ಯಂಗಿಲ್ಲ, ಪುಡಿ ಪುಡಿ. ಮತ್ತ ಬೆಳಕ ಒಳಗ ಹೊಕ್ರ ಪಾಚಿ ಬೆಳೀತೈತಿ. ಒಳಗಿನ ವ್ಯವಹಾರ ಕತ್ತಲದಾಗ ನಡದ್ರ ಪಾಚಿ ಕಟ್ಟಂಗಿಲ್ಲ ಅನ್ನೂದು ಪೈಪಿಗಷ್ಟ ಲಾಗೂ ಆಗೂ ಮಾತು, ಆಫೀಸಿಗಲ್ಲ.

ನಾನು: ತಮ್ಮ ಮನೆತನ ದೊಡ್ಡದು ಎಂದು ಕೇಳಿದ್ದೇನೆ.

ಪೈಪು: ಹಿರೇರು ರಬ್ಬರ್‌ನವರು. ರಬ್ಬರ್ ಮೊದಲು ಬ್ಯಾಸಗ್ಯಾಗ ಅಂಟ ಆಗ್ತಿತ್ತು, ಚಳಿಗೆ ಒಡೀತಿತ್ತು. 1839ರಾಗ ಅಮೆರಿಕಾದ ಚಾರ್ಲ್ಸ್ ಗುಡ್‌ಇಯರ್ ಅದಕ್ಕ ಗಂಧಕ ಕಲಿಸಿ ಕಾಯಿಸಿ ಹದಕ್ಕ ತಂದ. ನಮ್ಮ ಮುಂಡರಗಿ ಭೀಮರಾಯರು ಬ್ರಿಟಿಷರ ಮ್ಯಾಲೆ ತಿರುಗಿ ಬಿದ್ದಿದ್ದು 1858ರಾಗ. ಅಷ್ಟೊತ್ತಿಗೆ ರಬ್ಬರ್ ಪಕ್ಕಾ ಆಗಿ ಹತ್ತೊಂಬತ್ತು ವರ್ಷ ಆಗಿತ್ತು. ಜಗತ್ತಿಗೆಲ್ಲಾ ಟಾಯರು, ಟ್ಯೂಬು, ಹೋಸು ಕೊಡೋ ಕಸಬು ಕಂಡು ಹಿಡದ ಆ ಗುಡ್‌ಇಯರ್ ಸತ್ತಾಗ ಮೈತುಂಬ ಸಾಲ. ಆಂವ ರೈತ ಅಲ್ಲ, ಆದ್ರೂ!

ನಮ್ಮ ರಾಜ್ಯದಾಗ ರಬ್ಬರ್ ಬಳಗ ಇರೂದು ಸುಳ್ಯ, ಪುತ್ತೂರ ಕಡೆ. 1964ರಾಗ ನಮ್ಮ ಪ್ರಧಾನಿ ಶಾಸ್ತ್ರೀಜಿ ಮತ್ತ ಶ್ರೀಲಂಕಾದ ಪ್ರಧಾನಿ ಸಿರಿಮಾವೋ ನಡುವ ಒಪ್ಪಂದ ಆತು. ಆಮ್ಯಾಲೆ ಶ್ರೀಲಂಕಾದಿಂದ ಬಂದ ತಮಿಳರಿಗೆ ಅಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟದಾಗ ಕೆಲಸ ಕೊಟ್ರು. ಅವರು ನಸುಕಿನ್ಯಾಗ ಎದ್ದು ಗಿಡಾ ಕೆತ್ತಿ ಹಾಲು ಇಳಿಸಿದ್ರ ಇಲ್ಲಿ ನಿಮ್ಮ ಸೈಕಲ್ಲಿನ ಟ್ಯೂಬಿನಾಗ ಗಾಳಿ ನಿಂದರತೈತಿ. ಆ ಮಂದಿ ಬಗ್ಗೆ ಯಾರೂ ಕಾಲ್ಪನಿಕ ಸಂದರ್ಶನ ಸುದ್ದಾ ಮಾಡಿಲ್ಲ.

ಇನ್ನ ಪಿವಿಸಿಯವರು. ಅವರು ಹುಟ್ಟಾ ಗಟ್ಟಿ ಮಂದಿ. 1926ರಾಗ ವಾಲ್ಡೊ ಸೀಮನ್ ಅನ್ನಾಂವ ಅದಕ್ಕ ಎಣ್ಣಿಯಂಥಾ ರಸಾಯನ ಕೂಡಿಸಿ ಬಾಗೂಹಂಗ ಮಾಡಿದ. ಅಂಗಡ್ಯಾಗ ಹಸರು, ನೀಲಿ, ಹಳದಿ ಬಣ್ಣದಾಗ ಮಿಂಚತಾವಲ್ಲ, ಅವರ. ವರ್ಷ ಕಳದಂಗ ಆ ಎಣ್ಣಿ ಮೆಲ್ಲಕ ಹೊರಗ ಹೋಗ್ತೈತಿ, ಪೈಪು ಸೆಟಕೊಂತೈತಿ. ಮೊದಲನೇ ಸಲ ಆರಿಸಿ ಬಂದಾವ್ರೂ ಹಂಗ, ಮೊದಲ ಎರಡು ವರ್ಷ ಹೆಂಗ ಬೇಕಾದ್ರ ಹಂಗ ಬಾಗತಾರ.

ನಾನು: ಅಂಗಡಿಗೆ ಹೋದರೆ ಸಕ್ಷನ್ ಪೈಪ್ ಬೇಕಾ, ಡೆಲಿವರಿ ಪೈಪ್ ಬೇಕಾ ಅಂತ ಕೇಳುತ್ತಾರೆ. ಎರಡೂ ಪೈಪೇ ಅಲ್ಲವೇ?

ಪೈಪು: ಇದನ್ನ ಕೇಳಿದ್ರಿ ಅಂತ ಖುಷಿ ಆತು ನೋಡ್ರಿ. ಡೆಲಿವರಿ ಅಂದ್ರ ಕೊಡಾಂವ. ಅವಗ ಒಳಗಿನ ಒತ್ತಡಕ್ಕ ಹೊಟ್ಟಿ ಸಿಡೀಬಾರದು, ಅಷ್ಟ. ಕ್ಯಾನ್ವಾಸಿನಂಗ ನೂಲು ನೇದ್ರ ಸಾಕು, ಕೆಲಸ ಮುಗದ ಮ್ಯಾಲೆ ಚಪ್ಪಟಿ ಆಗಿ ಚಾಪಿ ಸುತ್ತಿದಂಗ ಸುತ್ತಬಹುದು. ಸಕ್ಷನ್ ಅಂದ್ರ ಎಳಕೊಳ್ಳಾಂವ. ಮೋಟರ್ ಒಳಗಿನ ಗಾಳಿ ಎಳದ ಕೂಡ್ಲೆ ಹೊರಗಿನ ಹವಾ ಬಂದು ಒತ್ತತೈತಿ. ಅದಕ್ಕ ಅವನ ಮೈತುಂಬ ಗಟ್ಟಿ ಸುರುಳಿ ಎಲುಬು ಇರಬೇಕು. ಇಲ್ಲಂದ್ರ ಗಂಟಲ ಮುಚ್ಚಿ ಕೂಡತಾನ.

ಇನ್ನೊಂದು. ಎಳಕೊಳ್ಳಾಕೂ ಒಂದು ಮಿತಿ ಐತಿ. ನಿಮ್ಮ ಮೋಟರ್ ಎಷ್ಟ ಎಚ್.ಪಿ. ಇದ್ರೂ ಮ್ಯಾಲಿಂದ ಎಳದ್ರ ನೀರು 10 ಮೀಟರ್ ಚಿಲ್ಲರೆಗಿಂತ ಮ್ಯಾಲೆ ಬರಂಗಿಲ್ಲ. ಯಾಕಂದ್ರ ನೀರು ಏರಸೂದು ಮೋಟರ್ ಅಲ್ಲ, ಹೊರಗಿನ ಹವಾ. ಹವಾದ ತಾಕತ್ತು ಅಷ್ಟ. ಖರೇ ಹೊಲದಾಗ ಏಳು ಮೀಟರ್ ಏರಿದ್ರ ಪುಣ್ಯಾ. ಅದಕ್ಕಿಂತ ಕೆಳಗಿನ ನೀರು ಬೇಕಂದ್ರ ಮೋಟರನ್ನ ಕೆಳಗ ಇಳಿಸಿ ಅಲ್ಲಿಂದ ನೂಕಬೇಕು. ಈ ಕಾಯ್ದೆಕ್ಕ ಇನ್ನೂ ಯಾವ ಸರ್ಕಾರಾನೂ ತಿದ್ದುಪಡಿ ತಂದಿಲ್ಲ. ಎಳಕೊಳ್ಳೂದಕ್ಕ ಮಿತಿ ಇಟ್ಟ ಏಕೈಕ ಕಾಯ್ದೆ ಅದು.

ನಾನು: ಗದಗ-ಬೆಟಗೇರಿಯಲ್ಲಿ ತಮ್ಮ ಬಂಧುಗಳ ಮೇಲೆ ದೂರಿದೆ. ನಳಕ್ಕೆ ಮೋಟರ್ ಹಚ್ಚಿ, ಪಕ್ಕದ ಮನೆಯ ನೀರನ್ನೂ ಎಳೆಯುತ್ತಾರಂತೆ.

ಪೈಪು: ಯಾರು ಹಚ್ಚಿದ್ರು, ಕೇಳ್ರಿ. ಪೈಪು ತಾನಾಗೇ ತೆವಳಕೋತ ಹೋಗಿ ನಳದ ಬಾಯಿ ಹಿಡೀತೈತೇನ್ರಿ? ನಮ್ಮ ಈ ಹೊಳಿ ನೀರ, ತುಂಗಭದ್ರಾ ನೀರ, ಹಮ್ಮಿಗಿ ಬ್ಯಾರೇಜಿನಿಂದ ಅವಳಿ ನಗರಕ್ಕ ಹೋಗ್ತೈತಿ. ಅಲ್ಲಿ ನಳ ಬರೂದಂದ್ರ ಜಾತ್ರಿ ತೇರು ಎಳದಂಗ; ವಾರಕ್ಕೊಮ್ಮೆ, ಹತ್ತು ದಿನಕ್ಕೊಮ್ಮೆ, ಅದಕ್ಕೂ ತಡ. ಬಂದಾಗ ಓಣಿಗೆ ಓಣೀನ ಎದ್ದು ಕೂಡತೈತಿ. ಒಬ್ಬಾಕಿ ಮೋಟರ್ ಹಚ್ಚಿದ್ರ ಮುಂದಿನ ಮನಿ ಸಣ್ಣ ಧಾರಿನೂ ನಿಂದರತೈತಿ. ಅವಗೂ ಮೋಟರ್ ಬೇಕು. ಹಿಂಗ ಓಣಿಗೆಲ್ಲಾ ಮೋಟರ್ ಬಂದ ಮ್ಯಾಲೆ ಯಾರಿಗೂ ಹೆಚ್ಚಿಗಿ ಬರಂಗಿಲ್ಲ, ಮೊದಲು ಬರತಿದ್ದಷ್ಟ. ಕರೆಂಟ್ ಬಿಲ್ಲು ಮಾತ್ರ ಎಲ್ಲಾರಿಗೂ ಹೆಚ್ಚಿಗಿ. ದುಕಾನದಾವ್ರು ಎರಡೂ ಮಾರ್ಯಾರ, ಪೈಪೂ ಮೋಟರೂ.

ನಾನು: ತಮ್ಮ ಬಳಗದಲ್ಲಿ ಪ್ರಾಮಾಣಿಕರು ಯಾರೂ ಇಲ್ಲವೇ?

ಪೈಪು: ಗೌಂಡಿ ಚೀಲದಾಗ ಇರೋ ಲೆವಲ್ ಪೈಪು. ಕಾಜಿನಂಗ ಒಳಗಿಂದೆಲ್ಲಾ ಕಾಣೂ ಸಣ್ಣ ಪೈಪು. ಅದಕ್ಕ ನೀರ ಹಾಕಿ ಒಂದು ತುದಿ ಈ ಗ್ವಾಡಿಗೆ, ಇನ್ನೊಂದು ಆ ಗ್ವಾಡಿಗೆ ಹಿಡದ್ರ ಎರಡೂ ಕಡೆ ನೀರು ಒಂದ ಮಟ್ಟಕ್ಕ ನಿಂದರತೈತಿ. ನಡುವ ಎಷ್ಟ ಸುತ್ತು ಹಾಕ್ರಿ, ಕೆಳಗ ಜೋತ ಬಿಡ್ರಿ, ಮಟ್ಟ ತಪ್ಪಂಗಿಲ್ಲ. ಗಾಳಿ ಗುಳ್ಳಿ ಒಳಗ ಕೂತಿದ್ರ ಮಾತ್ರ ಮೋಸ ಮಾಡತೈತಿ. ಅದೂ ಹೊರಗ ಕಾಣತೈತಿ, ಗೌಂಡಿ ಬೆರಳಲೆ ತಟ್ಟಿ ತಗೀತಾನ. ಸರ್ಕಾರಿ ಕಟ್ಟಡ ಎಲ್ಲಾ ಕಟ್ಟಿದ್ದು ಅದನ್ನ ಹಿಡದ. ಕಟ್ಟಡ ಮುಗದ ದಿನ ಗೌಂಡಿ ಜೋಡಿ ಅದನ್ನೂ ಹೊರಗ ಕಳಸ್ತಾರ. ಉದ್ಘಾಟನಾಕ್ಕ ಕರ್ಯಂಗಿಲ್ಲ.

ನಾನು: ಉಳಿದವರು?

ಪೈಪು: ಜೆ.ಸಿ.ಬಿ. ತೋಳಿಗೆ ಇರಾಂವ ನಮ್ಮ ಪೈಲ್ವಾನ. ಒಳಗ ಎಣ್ಣಿ ತಡಿಯೋ ರಬ್ಬರು, ನಡುವ ಉಕ್ಕಿನ ತಂತಿ ಜಾಳಗಿ, ಮ್ಯಾಲೆ ಮತ್ತ ರಬ್ಬರಿನ ಹೊದಿಕಿ. ನಮ್ಮ ಮೈಯಾಗಿನ ಒತ್ತಡ ಅವನ ಮುಂದ ಉಫ್ ಅಂದಂಗ. ಹೊಳಿ ದಂಡಿಗೆ ರಾತ್ರಿ ಏನ ಕೆಲಸ ಮಾಡತಾನ ಅಂತ ನಾ ಕೇಳಂಗಿಲ್ಲ, ಉಸುಕು ಎಲ್ಲಾ ಬಲ್ಲದು. ಅಡಗಿ ಮನ್ಯಾಗ ಗ್ಯಾಸಿನ ಕಿತ್ತಳಿ ಬಣ್ಣದ ಟ್ಯೂಬು ಇರತೈತಿ. ಅದನ್ನ ಐದು ವರ್ಷಕ್ಕೊಮ್ಮೆ ಬದಲಿ ಮಾಡ್ರಿ ಅಂತ ತಾರೀಖು ಅಚ್ಚ ಹಾಕಿರ್ತಾರ. ಐದು ವರ್ಷಕ್ಕೊಮ್ಮೆ ಬದಲಿ ಮಾಡೂ ರೂಢಿ ನಿಮಗ ಐತಿ ಅಂತಾರ, ಆದ್ರ ಟ್ಯೂಬಿನ ವಿಷಯದಾಗ ಯಾರೂ ಪಾಲಸಂಗಿಲ್ಲ. ದವಾಖಾನ್ಯಾಗ ಸಲಾಯಿನ್ ಟ್ಯೂಬು. ಅದನ್ನ ಕಂಡ್ರ ನನಗ ಹೊಟ್ಟಿಕಿಚ್ಚು: ಅದರ ಹನಿ ಎಣಸಾಕ ಒಬ್ಬಾಕಿ ನರ್ಸ್ ಇರ್ತಾಳ. ನನ್ನ ಹನಿ ಯಾರೂ ಎಣಸಂಗಿಲ್ಲ.

ನಾನು: ಹನಿ ಎಂದಿರಿ. ಹನಿ ನೀರಾವರಿಯ ಕಲ್ಪನೆ ಬಂದದ್ದು ಎಲ್ಲಿಂದ?

ಪೈಪು: ಇಸ್ರೇಲಿನ ಸಿಮ್ಕಾ ಬ್ಲಾಸ್ ಅನ್ನೋ ಇಂಜಿನಿಯರು. ಒಂದು ಗಿಡ ಉಳಿದ ಗಿಡಕ್ಕಿಂತ ಜೋರ ಬೆಳದಿತ್ತಂತ. ಬುಡ ಕೆದರಿ ನೋಡಿದ್ರ ಸೋರೂ ನಳಿಕಿ. ಆಂವ ಅದನ್ನ ರಿಪೇರಿ ಮಾಡಾಕ ಹೋಗಲಿಲ್ಲ, ಸೋರಿಕೀನ ಒಂದು ಶಾಸ್ತ್ರ ಮಾಡಿದ. ಪ್ಲಾಸ್ಟಿಕ್ ಬಂದ ಮ್ಯಾಲೆ ಮಗನ ಕೂಡ ಸೇರಿ ಡ್ರಿಪ್ಪರ್ ತಯಾರ ಮಾಡಿ, 1965ರಾಗ ಹಟ್ಜೆರಿಮ್ ಅನ್ನೂ ಕಿಬುಟ್ಸ್, ಅಂದ್ರ ಕೂಡಿ ದುಡಿಯೋ ರೈತರ ಊರು, ಅದರ ಜೋಡಿ ಕಂಪನಿ ಕಟ್ಟಿದ. ಡ್ರಿಪ್ಪರ್ ಒಳಗ ಅಡ್ಡಾದಿಡ್ಡಿ ದಾರಿ ಮಾಡಿರ್ತಾರ. ನೀರು ಅದರಾಗ ತಿರುಗಿ ತಿರುಗಿ, ಬಡದು ಬಡದು, ಜೋರ ಕಳಕೊಂಡು ಹನಿ ಆಗಿ ಬೀಳತೈತಿ. ನಮ್ಮ ದೇಶದಾಗ ಸೋರಿಕೆಗೆ ಏನ ಕಡಿಮಿ ಇರಲಿಲ್ಲ ಬಿಡ್ರಿ. ಅದರಿಂದ ಯಾವ ಗಿಡ ಬೆಳದಾವ ಅಂತ ಮಾತ್ರ ಯಾರೂ ಕೆದರಿ ನೋಡಲಿಲ್ಲ.

ನಾನು: ಮುಂಡರಗಿಗೆ ತಾವು ಬಂದದ್ದು ಹೇಗೆ?

ಪೈಪು: ಸಬ್ಸಿಡಿ ಕಾಗದದ ಮ್ಯಾಲೆ ಕುಂತ ಬಂದೆ. ಆಗ ಎರಡು ಹೆಕ್ಟೇರ್ ತನಕ ನೂರಕ್ಕ ತೊಂಬತ್ತು ಸಹಾಯಧನ ಇತ್ತು. ನನಗ ತಿಳಿದಂಗ ರೈತ ನನ್ನ ಕರೀಲಿಲ್ಲ. ಮಾರ್ಚ್ ತಿಂಗಳು ಕರೀತು. ರೊಕ್ಕ ವಾಪಸ್ ಹೋಗೂದರೊಳಗ ಪೈಪು ಹೊಲಕ್ಕ ಹೋಗಬೇಕಿತ್ತು. ನಾ ಬಂದಾಗ ಕೊಳವಿಬಾವ್ಯಾಗ ಎರಡಿಂಚು ನೀರಿತ್ತು. ಮುಂದ ಒಂದಿಂಚು. ಆಮ್ಯಾಲೆ ಬರೇ ಸಪ್ಪಳ.

ನಾನು: ಆದರೆ ಇದು ಸಿಂಗಟಾಲೂರು ನೀರಾವರಿ ಯೋಜನೆಯ ಊರು. ಹೊಳೆಯ ನೀರಿದೆಯಲ್ಲ?

ಪೈಪು: ಐತ್ರಿ, ಹೊಳಿಯೊಳಗ. ಹಮ್ಮಿಗಿ ಹತ್ರ ಬ್ಯಾರೇಜ್ ಕಟ್ಟ್ಯಾರ. ಹೊಳಿ ಆ ಕಡೆ ಹೂವಿನಹಡಗಲಿ, ಈ ಕಡೆ ಮುಂಡರಗಿ, ಗದಗ, ಕೊಪ್ಪಳ. ಹಿನ್ನೀರಿಗೆ ಸಿಕ್ಕ ಬಿದರಹಳ್ಳಿ, ವಿಠಲಾಪುರ, ಗುಮ್ಮಗೋಳದ ಮಂದಿ ಪರಿಹಾರ, ಹೊಸ ಪ್ಲಾಟು ಅಂತ ವರ್ಷಾನಗಟ್ಟಲೆ ಅಡ್ಡಾಡಿ ಚಪ್ಪಲಿ ಹರಕೊಂಡ್ರು. ಅವರ ಊರಾಗ ನೀರು ತಾನಾಗೇ ಬಂತು, ಯಾವ ಪೈಪೂ ಇಲ್ಲದ! ಇತ್ತಾಗ ಮ್ಯಾಲಿನ ಊರಿನವರಿಗೆ ಮೊದಲು ಕಾಲುವಿ ಅಂದ್ರು, ಆಮ್ಯಾಲೆ ಕಾಲುವಿ ಬ್ಯಾಡ, ಹನಿ ನೀರಾವರಿ ಅಂದ್ರು. ಕಾಲುವಿ ಅಂದ್ರ ಸೋರತೈತಿ, ಭೂಮಿ ತಿಂತೈತಿ. ಪೈಪು ಅಂದ್ರ ಅದೇ ನೀರಿಗೆ ಹೆಚ್ಚ ಎಕರೆ. ಮಾತೇನ ಸುಳ್ಳಲ್ಲ, ಶಾಸ್ತ್ರ ಬರೋಬರಿ ಐತಿ. ಆದ್ರ ಒಂದು ಫರಕು ನೋಡ್ರಿ. ಕಾಲುವಿ ಒಣಗಿದ್ರ ದನಾ ಕಾಯೋ ಹುಡುಗಗೂ ಕಾಣತೈತಿ, ಊರ ಮಂದಿ ಹೋಗಿ ರಸ್ತಾ ಬಂದ್ ಮಾಡತಾರ. ನಾ ಒಣಗಿದ್ರ ಯಾರಿಗ ಕಾಣತೈತಿ? ಹೊರಗ ನೋಡಿದ್ರ ತುಂಬಿದಾಗೂ ಹಿಂಗ, ಖಾಲಿ ಇದ್ದಾಗೂ ಹಿಂಗ. ಯೋಜನಾ ಮಾಡಾವ್ರಿಗೆ ನನ್ನ ಮ್ಯಾಲೆ ಪ್ರೀತಿ ಯಾಕ ಅಂತ ತಿಳಕೊಳ್ಳಾಕ ನನಗ ಬಾಳ ದಿನ ಹಿಡೀತು.

ನಾನು: ತಾವು ಬೇಗ ಕಟ್ಟಿಕೊಳ್ಳುತ್ತೀರಿ ಎಂಬ ಆರೋಪವಿದೆ.

ಪೈಪು: ಇಲ್ಲಿ ಕೊಳವಿಬಾವಿ ನೀರು ಕುಡದ ನೋಡೀರೇನು? ಸವಳು. ಫ್ಲೋರೈಡ್ ಸುದ್ದಾ ಐತಿ. ಈ ತಾಲೂಕಿನ ಹಳ್ಳ್ಯಾಗ ಸಣ್ಣ ಹುಡುಗರ ಹಲ್ಲಿಗೆ ಹಳದಿ ಗೆರಿ, ಮುದುಕರ ಮೊಣಕಾಲು ಮಡಚಂಗಿಲ್ಲ. ಎಲುಬು ಹಿಡಿಯೋ ನೀರು ನನ್ನ ಸೂಜಿ ಮೊನಿಯಷ್ಟ ದಾರಿ ಬಿಡತೈತೇನು? ಸುಣ್ಣ ಗಟ್ಟಿ ಆಗಿ ಕೂಡತೈತಿ. ಆಗಾಗ ಆ್ಯಸಿಡ್ ಬಿಟ್ಟು ತೊಳೀಬೇಕು, ಫಿಲ್ಟರಿನ ಜಾಳಗಿ ತಗದು ತಿಕ್ಕಬೇಕು, ತುದಿ ಬಿಚ್ಚಿ ಕೆಸರು ಹೊರಗ ಬಿಡಬೇಕು. ಹಾಕಾಕ ಬಂದ ಹುಡುಗ ಇದನ್ನೆಲ್ಲಾ ಹೇಳಿದ್ನೋ ಇಲ್ಲೋ, ಆಂವಗ ಅವತ್ತ ಇನ್ನೂ ನಾಕು ಹೊಲದ ಫೋಟೋ ತಗಿಯೂದಿತ್ತು. ಮ್ಯಾಲೆ ಇಲಿ. ಬ್ಯಾಸಗ್ಯಾಗ ಪಾಪ ಅದಕ್ಕೂ ನೀರಡಿಕಿ. ಒಳಗ ನೀರಿನ ಸಪ್ಪಳ ಕೇಳಿ ಕಡೀತೈತಿ. ಈ ವರ್ಷ ಇಲಿನೂ ಕಡದಿಲ್ಲ ನೋಡ್ರಿ. ಅದಕ್ಕ ವಿಷಯ ಗೊತ್ತಾಗೈತಿ.

ನಾನು: 2011ರಲ್ಲಿ ಹಳ್ಳಿಗುಡಿಗೆ ಪೋಸ್ಕೊ ಉಕ್ಕಿನ ಕಾರ್ಖಾನೆ ಬರುವುದಿತ್ತು. ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳ ಮುಂದಾಳ್ತನದಲ್ಲಿ ರೈತರು ಬೇಡವೆಂದರು, ಸರ್ಕಾರ ಕೈಬಿಟ್ಟಿತು. ಬಂದಿದ್ದರೆ ತಮ್ಮ ಬಳಗಕ್ಕೆ ಲಾಭವಿತ್ತು.

ಪೈಪು: ಜೆ.ಸಿ.ಬಿ. ಪೈಲ್ವಾನಗ ಭರ್ಜರಿ ಕೆಲಸ ಸಿಗ್ತಿತ್ತು. ಕಾರ್ಖಾನಿಯೊಳಗ ನೀರು, ಗಾಳಿ, ಎಣ್ಣಿ, ಆಮ್ಲಜನಕ ಎಲ್ಲಾಕ್ಕೂ ಹೋಸ್ ಬೇಕು. ಹೊಳಿ ನೀರೂ ಅವರಿಗೆ ಇಪ್ಪತ್ನಾಕು ತಾಸು ಹೋಗ್ತಿತ್ತು. ಉಕ್ಕು ಕಾಯಿಸಿ ಆರಿಸಾಕ ನೀರು ತಪ್ಪಸಾಕ ಬರಂಗಿಲ್ಲಲ್ಲ, ಉಳ್ಳಾಗಡ್ಡಿಗೆ ಆದ್ರ ತಪ್ಪಸಬಹುದು. ನಾನಂತೂ ರೈತರ ಕಡೇನ ಇದ್ದೆ. ಹೊಲಾನ ಇಲ್ಲಂದ್ರ ನನ್ನ ಎಲ್ಲಿ ಹಾಸ್ತಾರ? ಈಗ ಹೊಲ ಉಳದೈತಿ, ನಾನೂ ಉಳದೇನಿ. ಇನ್ನೊಂದು ಬಾಕಿ.

ನಾನು: ನಿವೃತ್ತಿಯ ಯೋಚನೆ?

ಪೈಪು: ನಮಗ ಸಾವಿಲ್ರಿ, ಅದ ತ್ರಾಸು. ಹಳೇ ಪೈಪಿನ ತುಂಡು ಕಣಕಿ ಹೊರಿ ಕಟ್ಟಾಕ ಬರತೈತಿ, ಅರಿವಿ ಒಣಗ್ಸೂ ಹಗ್ಗ ಆಗ್ತೈತಿ, ಹುಡುಗರು ದುಂಡಗ ಮಾಡಿ ಗಾಲಿ ಹೊಡೀತಾರ. ಉಳದಿದ್ದು ಗುಜರಿಗೆ, ಕಿಲೋ ಲೆಕ್ಕ. ಅಲ್ಲಿ ಮತ್ತ ಕರಗಿಸಿ ಎಳದು ಪೈಪ್ ಮಾಡ್ತಾರ, ಈ ಸಲ ಬೆನ್ನ ಮ್ಯಾಲೆ ಅಚ್ಚ ಇರಂಗಿಲ್ಲ. ಕೆಲವರು ಬದುವಿನ್ಯಾಗ ಸುಟ್ಟು ಬಿಡ್ತಾರ, ಕರೇ ಹೊಗಿ ಡಂಬಳದ ತನಕ ಕಾಣತೈತಿ. ನನಗ ಮಾತ್ರ ಈ ಬೇವಿನ ಗಿಡಾನ ಖಾಯಂ ಪೋಸ್ಟಿಂಗ್ ಆದಂಗ ಕಾಣತೈತಿ. ವರ್ಗಾವಣಿ ಇಲ್ಲ, ಕೆಲಸ ಇಲ್ಲ, ಹಾಜರಿ ಐತಿ.

ನಾನು: ಒಂದು ನೇರ ಪ್ರಶ್ನೆ. ಈ ಊರಿಗೆ ನೀರು ಬರದಿರುವುದಕ್ಕೆ ಹೊಣೆ ಯಾರು?

ಪೈಪು: ನನ್ನ ಆ ತುದಿ ಎಲ್ಲೈತಿ, ಹುಡುಕಿ ಅಲ್ಲಿಗೆ ಹೋಗಿ ಕೇಳ್ರಿ. ನಾ ಟೊಳ್ಳು ಹೌದ್ರೀ, ಸುಳ್ಳಲ್ಲ. ಆ ತುದಿಗೆ ನೀರ ಹಾಕಿದ್ರ ನೀರು, ಭರವಸಾ ಹಾಕಿದ್ರ ಭರವಸಾ. ನಡುವ ನಾ ಏನೂ ಕೂಡಸಂಗಿಲ್ಲ, ಕಳ್ಯಂಗಿಲ್ಲ. ತೂತು ಎಷ್ಟ ಹೊಡದಾರೋ ಅಷ್ಟ.

(ಅಷ್ಟರಲ್ಲಿ ಹೊಲದ ಮಾಲೀಕರು ಬೈಕಿನಲ್ಲಿ ಬಂದರು. ತಪಾಸಣೆಯವರು ಮುಂಡರಗಿ ಬಿಟ್ಟಿದ್ದಾರಂತೆ, ಹಾಸಿದ ಪೈಪಿನ ಫೋಟೋ ಬೇಕಂತೆ, ಜಾಗದ ಅಕ್ಷಾಂಶ ರೇಖಾಂಶ ಸಮೇತ. ಸುರುಳಿ ಕವಲಿನಿಂದ ಇಳಿಯಿತು.)

ನಾನು: ಹಾಸಿದ ಮೇಲೆ ನೀರು ಬಿಡುತ್ತಾರಾ?

ಪೈಪು: ಫೋಟೋಕ್ಕ ನೀರು ಬೇಕಿಲ್ರಿ. ಅಲ್ಲೇ ಯಾಕ ನಿಂತ್ರಿ ಸಾಹೇಬ್ರ, ಆ ಪೆನ್ನು ಕಿಸೇದಾಗ ಇಟ್ಟು ಈ ತುದಿ ಹಿಡೀರಿ. ಒಬ್ಬಾಂವನ ಕೈಲೆ ಎಳ್ಯಾಕ ಆಗಂಗಿಲ್ಲ. ಹಾಂ, ಸೀದಾ ಹೋಗ್ರಿ. ಮಡಚಬ್ಯಾಡ್ರಿ ಮತ್ತ, ಮಡಚಿದಲ್ಲಿ ಸೀಳತೈತಿ. ಇನ್ನೂ ನಾಕು ಸಾಲು ಬಾಕಿ ಅದಾವ.